ಹೇಗೆ ಮಾಡಿದಿರಿ?

ತಾನು ಮಾಡಿದ ವಸ್ತುವನ್ನು ಇನ್ನೊಬ್ಬರಿಗೆ ತೋರಿಸಬೇಕೆಂಬ ಹಂಬಲ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಮೂರು ವರ್ಷದ ಮಗು ಅಂಗಳದಲ್ಲಿ ಮಣ್ಣು ಕಲಸಿ ನಾಲ್ಕು ಇಡ್ಲಿ ತಟ್ಟಿತೆಂದರೆ, ಒಳಗೆ ಕೆಲಸದಲ್ಲಿರುವ ತಾಯಿಯ ಸೆರಗು ಜಗ್ಗಿ ಹೊರಗೆ ಕರೆತಂದು ತೋರಿಸಿದ ಹೊರತು ಅದಕ್ಕೆ ಸಮಾಧಾನವಿಲ್ಲ. ದೊಡ್ಡವರಾದ ಮೇಲೂ ಈ ಹಂಬಲ ನಮ್ಮನ್ನು ಬಿಡುವುದಿಲ್ಲ. ಅದಕ್ಕೆ ನಾನಾ ವೇಷಗಳನ್ನು ತೊಡಿಸುತ್ತೇವೆ, ಅಷ್ಟೆ. ನವರಾತ್ರಿಯಲ್ಲಿ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸಿದವರು, "ಏನೋ, ಅವಸರದಲ್ಲಿ ಹೇಗೋ ಇಟ್ಟಿದ್ದೇವೆ" ಎನ್ನುತ್ತಾರೆ. ತಿಂಗಳೆಲ್ಲ ಬಿಸಿಲಿಗೆ ಮೈಯೊಡ್ಡಿ ಸಂಡಿಗೆ ಮಾಡಿದ ಗೃಹಿಣಿ, ಬಡಿಸುವಾಗ "ಈ ಸಲ ಯಾಕೋ ಉಪ್ಪು ಮುಂದಾಯಿತು" ಎನ್ನುತ್ತಾಳೆ. ಎದುರಿಗಿರುವವರು ತಿಳಿವಳಿಕೆಯುಳ್ಳವರಾದರೆ ಕೂಡಲೆ ಪ್ರತಿಭಟಿಸುತ್ತಾರೆ. ಪ್ರತಿಭಟಿಸದೆ "ಹೌದು, ಸ್ವಲ್ಪ ಮುಂದೇ" ಎಂದವರಿಗೆ ಆ ಮನೆಯಲ್ಲಿ ಎರಡನೆಯ ಸಂಡಿಗೆ ದೊರೆತ ದಾಖಲೆಯಿಲ್ಲ.

ವೇಷ ತೊಡದೆಯೇ ಈ ಹಂಬಲವನ್ನು ತೀರಿಸಿಕೊಳ್ಳುವುದಕ್ಕೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಂದು ಸ್ಥಳವುಂಟು. ವಾಚಕರು ದೊಡ್ಡ ಕಟ್ಟಡವನ್ನಾಗಲಿ, ಹೊಳೆಯುವ ನಾಮಫಲಕವನ್ನಾಗಲಿ ಕಲ್ಪಿಸಿಕೊಳ್ಳಬಾರದು. ಅದಕ್ಕೆ ಹೆಸರೇ ಇಲ್ಲ. "ಷೆಡ್ಡು" ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಿವೃತ್ತರಾದ ಹಿರಿಯ ಅಧಿಕಾರಿಯೊಬ್ಬರ ಮನೆಯ ಹಿಂದೆ ಇದ್ದ ಮೋಟಾರು ಷೆಡ್ಡು ಅದು. ಮೋಟಾರನ್ನು ಮಾರಿದ ಮೇಲೆ ಅದರಲ್ಲಿ ಹಳೆಯ ಪತ್ರಿಕೆಗಳೂ ಜಿರಲೆಗಳೂ ಅನ್ಯೋನ್ಯವಾಗಿ ವಾಸವಾಗಿದ್ದವು. ೨೦೨೦ ಮತ್ತು ೨೦೨೧ರ ಕೊರೊನಾ ಕಾಲದಲ್ಲಿ ಬಾಗಿಲು ಹಾಕಿಕೊಂಡು ಕುಳಿತು ಬೇಸತ್ತಿದ್ದ ನಾಲ್ಕೈದು ಮಂದಿ, ರೋಗ ಇಳಿಮುಖವಾದ ಮೇಲೆ, ಏನಾದರೂ ಕೈಕೆಲಸ ಮಾಡೋಣವೆಂದು ಅಲ್ಲಿ ಸೇರಿದರು. ಒಬ್ಬರು ತಮ್ಮ ತಂದೆಯ ಕಾಲದ ಗರಗಸವನ್ನು ತಂದರು. ಒಬ್ಬರು ಎರಡು ಉಳಿ. ಇನ್ನೊಬ್ಬರು ವಿದ್ಯುತ್ತಿನ ಬೈರಿಗೆ. ಬಾಗಿಲಿನ ಹಳೆಯ ಹಲಗೆಗಳನ್ನು ಜೋಡಿಸಿ ಹತ್ತು ಅಡಿ ಉದ್ದದ ಕೆಲಸದ ಮೇಜೊಂದು ತಯಾರಾಯಿತು. ಇಂದು ನಾವು ಹದಿನೇಳು ಮಂದಿ ಇದ್ದೇವೆ. ಬ್ಯಾಂಕಿನಿಂದ ನಿವೃತ್ತರಾದವರು, ದಾದಿಯಾಗಿದ್ದವರು, ಸಾಫ್ಟ್‌ವೇರ್ ಸಂಸ್ಥೆಯಲ್ಲಿ ದುಡಿಯುವ ತರುಣಿ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಬ್ಬರು, ಹೀಗೆ. ನಾನು ಕನ್ನಡ ಮೇಷ್ಟರಾಗಿದ್ದವನು. ಆದಕಾರಣ ಉಪಕರಣಗಳ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿದೆ. ಮೂಲೆಮಟ್ಟವನ್ನು ಯಾರು ಒಯ್ದರು, ರಸಮಟ್ಟವನ್ನು ಯಾರು ಹಿಂದಿರುಗಿಸಿಲ್ಲ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದಿಡುವುದು ನನ್ನ ಕರ್ತವ್ಯ.

ತಿಂಗಳ ಎರಡನೆಯ ಶನಿವಾರದ ಸಂಜೆ ನಮ್ಮ ಹಬ್ಬ. ಆ ತಿಂಗಳಲ್ಲಿ ತಾವು ಮಾಡಿದ್ದನ್ನು ಸದಸ್ಯರು ಮೇಜಿನ ಮೇಲೆ ತಂದಿಡಬೇಕು. ಚುರುಮುರಿ, ಕಾಫಿಗಳ ಏರ್ಪಾಡೂ ಇರುತ್ತದೆ. ಇದನ್ನು ಪ್ರದರ್ಶನವೆಂದು ಕರೆದರೆ ತಪ್ಪಾದೀತು. ಪ್ರದರ್ಶನಗಳಲ್ಲಿ "ಮುಟ್ಟಬೇಡಿ" ಎಂದು ಬರೆದು ಹಾಕಿರುತ್ತಾರೆ. ನಮ್ಮಲ್ಲಿ ಒಂದು ಸ್ಟೂಲನ್ನು ತಂದಿಟ್ಟರೆ ಮೊದಲು ನಡೆಯುವ ಕೆಲಸವೇ ಅದನ್ನು ತಲೆಕೆಳಗು ಮಾಡುವುದು. ನಾಲ್ಕು ಕೈಗಳು ಅದರ ಕಾಲು ಹಿಡಿದು ಅಲ್ಲಾಡಿಸುತ್ತವೆ. ಒಂದು ಹೆಬ್ಬೆರಳು ಕೂಡಿಕೆಯ ಮೇಲೆ ಸವರಿ ಸಂದಿದೆಯೇ ಎಂದು ನೋಡುತ್ತದೆ. ಒಬ್ಬರು ಮೂಗಿನ ಬಳಿ ಹಿಡಿದು ಯಾವ ಮರವೆಂದು ವಾಸನೆ ನೋಡುತ್ತಾರೆ. ಹೊರಗಿನವರಿಗೆ ಇದು ಪೋಲೀಸರ ತಪಾಸಣೆಯಂತೆ ಕಂಡೀತು. ಮಾಡಿದವರಿಗೆ ಮಾತ್ರ ಇದಕ್ಕಿಂತ ಹೆಚ್ಚಿನ ಸನ್ಮಾನ ಬೇರೊಂದಿಲ್ಲ. ಮೇಲ್ಭಾಗದ ಹೊಳಪನ್ನು ಯಾರು ಬೇಕಾದರೂ ಹೊಗಳಬಹುದು, ಅಡಿಭಾಗವನ್ನು ನೋಡುವವನು ಮಾತ್ರ ಶ್ರಮವನ್ನು ನೋಡಿದವನು.

ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಹೇಗೆ ಮಾಡಿದಿರಿ? ಎಲ್ಲಿ ತೊಡಕಾಯಿತು? ಯಾರಿಂದ ಕಲಿತಿರಿ? ಕೇಳಬಾರದ ಪ್ರಶ್ನೆ ಒಂದು: ಬೆಲೆ ಎಷ್ಟು? ಈ ನಿಯಮ ಮಾಡಿದವರು ಷೆಡ್ಡಿನ ಒಡೆಯರೇ. ಮಾರಾಟದ ಮಾತು ಬಂದೊಡನೆ ಜನ ಒಬ್ಬರ ವಸ್ತುವನ್ನು ಇನ್ನೊಬ್ಬರ ವಸ್ತುವಿನೊಡನೆ ತೂಗತೊಡಗುತ್ತಾರೆ, ಸ್ನೇಹ ಕೆಡುತ್ತದೆ ಎಂಬುದು ಅವರ ವಾದ. ನಾವೆಲ್ಲರೂ ತಲೆದೂಗಿದೆವು. ಈ ನಿಯಮದ ಇನ್ನೊಂದು ಮುಖವನ್ನು ನಮಗೆ ಯಾರು ತೋರಿಸಿಕೊಟ್ಟರೆಂಬುದನ್ನು ಮುಂದೆ ಹೇಳುತ್ತೇನೆ.

ಹೀಗೆ ಒಂದೆಡೆ ಕೂಡಿ ಕೆಲಸ ಮಾಡಿ ಪರಸ್ಪರ ತೋರಿಸಿಕೊಳ್ಳುವುದು ನಮ್ಮ ಬಡಾವಣೆಯ ಆವಿಷ್ಕಾರವೇನೂ ಅಲ್ಲ. ಆಸ್ಟ್ರೇಲಿಯಾ ದೇಶದಲ್ಲಿ "ಮೆನ್ಸ್ ಷೆಡ್" ಎಂಬ ಹೆಸರಿನಿಂದ ಇಂಥ ಕಾರ್ಯಾಗಾರಗಳು ೧೯೯೦ರ ದಶಕದಲ್ಲಿ ತಲೆಯೆತ್ತಿದವು. ಕೆಲಸದಿಂದ ನಿವೃತ್ತರಾಗಿ, ಮಾತನಾಡಲು ಯಾರೂ ಇಲ್ಲದೆ ಕುಗ್ಗುತ್ತಿದ್ದ ಗಂಡಸರಿಗೆ ಅವು ಆಶ್ರಯವಾದವು. ೨೦೦೭ರಲ್ಲಿ ಅವಕ್ಕೊಂದು ರಾಷ್ಟ್ರೀಯ ಸಂಘವೂ ಆಯಿತು. ಆ ದೇಶವೊಂದರಲ್ಲೇ ಇಂದು ಸಾವಿರಕ್ಕೂ ಹೆಚ್ಚು ಷೆಡ್ಡುಗಳಿವೆ. ಐರ್ಲೆಂಡು, ಇಂಗ್ಲೆಂಡುಗಳಿಗೂ ಅವು ಹಬ್ಬಿವೆ. ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬ ಮಹಿಳೆ ೨೦೦೯ರ ಅಕ್ಟೋಬರಿನಲ್ಲಿ "ರಿಪೇರ್ ಕೆಫೆ" ಎಂಬುದನ್ನು ಆರಂಭಿಸಿದರು. ಕೆಟ್ಟ ವಸ್ತುಗಳನ್ನು ತಂದವರು ಬಲ್ಲವರ ಪಕ್ಕದಲ್ಲಿ ಕುಳಿತು ತಾವೇ ರಿಪೇರಿ ಮಾಡಿಕೊಳ್ಳುವ ಕೂಟವದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪುಣೆಯ ಸಮೀಪದ ಪಾಬಳ ಎಂಬ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ್ ಅವರು ೧೯೮೩ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮದಲ್ಲಿ ಹಳ್ಳಿಯ ಹುಡುಗರು ಕೈಯಿಂದ ಕೆಲಸ ಮಾಡುತ್ತಲೇ ವಿದ್ಯೆ ಕಲಿಯುತ್ತಾರೆ. ಅಮೆರಿಕದ ಎಂ. ಐ. ಟಿ. ವಿಶ್ವವಿದ್ಯಾಲಯದವರು "ಫ್ಯಾಬ್ ಲ್ಯಾಬ್" ಎಂಬ ಸಾರ್ವಜನಿಕ ಕಾರ್ಯಾಗಾರಗಳನ್ನು ತಮ್ಮ ಆವರಣದ ಹೊರಗೆ ತೆರೆಯಹೊರಟಾಗ, ೨೦೦೨ರ ಸುಮಾರಿಗೆ, ಮೊಟ್ಟಮೊದಲು ಆರಿಸಿಕೊಂಡ ಸ್ಥಳಗಳಲ್ಲಿ ಆ ಹಳ್ಳಿಯೂ ಒಂದು.

ಆಸ್ಟ್ರೇಲಿಯಾದ ಷೆಡ್ಡಿಗರು ಕಂಡುಕೊಂಡ ಸತ್ಯವೊಂದುಂಟು. ಗಂಡಸರು ಎದುರುಬದುರು ಕುಳಿತು ಮನಸ್ಸು ಬಿಚ್ಚುವುದು ಕಷ್ಟ. ಪಕ್ಕಪಕ್ಕ ನಿಂತು ಕೈಯಲ್ಲೊಂದು ಕೆಲಸ ಹಿಡಿದರೆ ಮಾತು ತಾನಾಗಿಯೇ ಹೊರಡುತ್ತದೆ. ಇದಕ್ಕೆ ನಾನೇ ಸಾಕ್ಷಿ. ನಮ್ಮ ಸದಸ್ಯರೊಬ್ಬರು ೨೦೨೧ರಲ್ಲಿ ಪತ್ನಿಯನ್ನು ಕಳೆದುಕೊಂಡವರು. ಷೆಡ್ಡಿಗೆ ಬರುವರು, ಮೂಲೆಯಲ್ಲಿ ಕೂರುವರು, ಹೋಗುವರು. ಮೂರು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ್ದು "ನಮಸ್ಕಾರ" ಎಂಬುದೊಂದೇ. ಒಂದು ಶನಿವಾರ ಅವರು ಮೇಜಿನ ಮೇಲೆ ತೆಂಗಿನ ಚಿಪ್ಪಿನ ಸೌಟೊಂದನ್ನಿಟ್ಟರು. ಹಿಂದೆ ಹಳ್ಳಿಯ ಮನೆಗಳಲ್ಲೆಲ್ಲ ಇದ್ದ ವಸ್ತು. ಕಣ್ಣಿಲ್ಲದ ಕಡೆಯ ಅರ್ಧ ಚಿಪ್ಪನ್ನು ಆರಿಸಿ, ಹೊರಗಿನ ನಾರನ್ನು ಗಾಜಿನ ಚೂರಿನಿಂದ ಹೆರೆದು, ಅಂಚಿನ ಕೆಳಗೆ ಎದುರುಬದುರಾಗಿ ಎರಡು ತೂತು ಕೊರೆದು, ಬಿದಿರಿನ ಕಡ್ಡಿಯನ್ನು ಎರಡರಲ್ಲೂ ತೂರಿಸಿ ಬಿಗಿಯುವುದು. ಮೊಳೆಯಿಲ್ಲ, ಅಂಟಿಲ್ಲ. ಪದ್ಧತಿಯಂತೆ ಯಾರೋ, "ಎಲ್ಲಿ ತೊಡಕಾಯಿತು?" ಎಂದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಎರಡು ತೂತೂ ಒಂದೇ ನೇರಕ್ಕೆ ಬರಲಿಲ್ಲ. ಆರು ಚಿಪ್ಪು ಹಾಳಾದವು. ಅವಳಿದ್ದಿದ್ದರೆ ಏಳನೆಯ ತೆಂಗಿನಕಾಯಿ ಕೊಡುತ್ತಿರಲಿಲ್ಲ."

ನಾವು ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವರು ಅವರೇ. ಆಮೇಲೆ ಅರ್ಧ ಗಂಟೆ ಅವರು ಮಾತನಾಡಿದರು; ಪತ್ನಿಯ ಹುಳಿ, ಪತ್ನಿಯ ಕೋಪ, ಆಸ್ಪತ್ರೆಯ ಕೊನೆಯ ವಾರ, ಎಲ್ಲವನ್ನೂ. ಸೌಟು ಆ ಹೊತ್ತೆಲ್ಲ ಕೈಯಿಂದ ಕೈಗೆ ತಿರುಗುತ್ತಲೇ ಇತ್ತು. ಸಮಾಧಾನದ ಮಾತು ಹೇಳಲು ಯಾರೂ ಹೋಗಲಿಲ್ಲ. "ಏಳನೆಯದು ಮಾತ್ರ ಬಲು ಚೆನ್ನಾಗಿದೆ, ರಾಯರೆ" ಎಂದರು ಒಬ್ಬರು. ಅಷ್ಟು ಸಾಕಾಗಿತ್ತು.

ಗಂಡಸರ ಮಾತನ್ನೇ ಆಡಿದೆನೆಂದು ಸೋದರಿಯರು ಮುನಿಯಬಾರದು. ನಮ್ಮ ಷೆಡ್ಡಿನಲ್ಲಿ ಹೆಂಗಸರು ಆರು ಮಂದಿ. ದಾದಿಯಾಗಿದ್ದವರು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದ ಕಡೆ ಬಹುಕಾಲ ಕೆಲಸ ಮಾಡಿದವರು. ಹಲವು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ವಂಶಸ್ಥರಾದ ಸಿದ್ದಿ ಜನರು ಆ ಪ್ರಾಂತದಲ್ಲಿದ್ದಾರೆ. ಅವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗೆ "ಕವಂದಿ" ಎಂದು ಹೆಸರು. ಅದನ್ನು ನಮ್ಮ ದಾದಿಯಮ್ಮ ಅವರ ಜಗಲಿಯ ಮೇಲೆ ಕುಳಿತೇ ಕಲಿತರಂತೆ. ಅಂಚಿನ ಮೂಲೆಯಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ "ಫುಲ", ಎಂದರೆ ಹೂವು, ಇಡಬೇಕು. ಹೂವಿಲ್ಲದ ಕವಂದಿ ಬತ್ತಲೆ ಇದ್ದಂತೆ. ನಡುವಿನ ಕೊನೆಯ ತುಂಡನ್ನು ಮುಚ್ಚಿ ಹೊಲಿಯುವ ಮುನ್ನ ಒಳಗೆ ನಾಲ್ಕು ಕಾಳು ಅಕ್ಕಿ ಹಾಕಬೇಕು. ಕವಂದಿಯ ಹೊಟ್ಟೆ ತುಂಬಬೇಕಲ್ಲ! ತಾವು ಹೊಲಿದದ್ದನ್ನು ಮೇಜಿನ ಮೇಲೆ ಹರಡಿ ನಾವೆಲ್ಲ ಬಣ್ಣಗಳನ್ನು ಕೊಂಡಾಡುತ್ತಿರುವಾಗ ಅವರು ತಟ್ಟನೆ ಅದನ್ನು ಮಗುಚಿದರು. "ಬಣ್ಣ ಬಟ್ಟೆಯದು. ನನ್ನದು ಇಲ್ಲಿದೆ, ನೋಡಿ" ಎಂದರು. ಹಿಂಭಾಗದಲ್ಲಿ ಹೊಲಿಗೆಯ ಸಾಲುಗಳು ಮಳೆಯ ನಂತರದ ಗದ್ದೆಯಂತೆ ಸುತ್ತಿ ಸುತ್ತಿ ನಡುವಿಗೆ ಹೋಗಿದ್ದವು.

ನಾವು ಮಾಡಿದ್ದರ ಮೇಲೆ ನಮಗಿರುವ ಈ ಮೋಹವನ್ನು ಪಂಡಿತರು ಅಳೆದೂ ನೋಡಿದ್ದಾರೆ. ೨೦೧೨ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಮೂವರು ವಿದ್ವಾಂಸರು ತಮ್ಮ ಪ್ರಯೋಗಗಳನ್ನು ವಿವರಿಸಿದ್ದಾರೆ. ಜನರಿಂದ ಕಾಗದದ ಕೊಕ್ಕರೆ, ಕಪ್ಪೆಗಳನ್ನು ಮಡಿಸಿಸಿ, ಅವಕ್ಕೆ ಎಷ್ಟು ಕೊಡುವಿರೆಂದು ಕೇಳಿದರು. ಮಾಡಿದವರು ತಮ್ಮ ಸೊಟ್ಟ ಕಪ್ಪೆಗೆ ಸರಾಸರಿ ೨೩ ಸೆಂಟು ಕೊಡಲು ಸಿದ್ಧರಿದ್ದರು. ಅದೇ ಕಪ್ಪೆಗೆ ಇತರರು ಕೊಡಲೊಪ್ಪಿದ್ದು ೫ ಸೆಂಟು ಮಾತ್ರ. ಮಾಡಿದ ವಸ್ತು ಪೂರ್ಣವಾಗದೆ ಹೋದರೆ, ಅಥವಾ ಮಾಡಿದ ಕೂಡಲೆ ಬಿಚ್ಚಿಹಾಕಿದರೆ, ಈ ಮೋಹವೂ ಹಾರಿಹೋಗುತ್ತದೆಂದು ಅವರು ಕಂಡರು. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂಬ ನಮ್ಮ ಗಾದೆಯನ್ನು ಅವರಿಗೆ ಮೊದಲೇ ಕಳುಹಿಸಿಕೊಟ್ಟಿದ್ದರೆ ಕಾಗದದ ಖರ್ಚಾದರೂ ಉಳಿಯುತ್ತಿತ್ತು. ಆದರೆ ಆ ಲೆಕ್ಕದಲ್ಲಿ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಮಾಡಿದ್ದನ್ನು ಮುಗಿಸಿ, ತನ್ನ ಬಳಿ ಇಟ್ಟುಕೊಂಡು ನೋಡಬಲ್ಲವನಿಗೆ ಈ ಸಂತೋಷ. ಮುಗಿಸಿದ ದಿನವೇ ಅದನ್ನು ಬೇರೆಯವರ ಮನೆಗೆ ಹೊತ್ತು ಹಾಕುವವನಿಗೆ?

ಈ ಪ್ರಶ್ನೆಯನ್ನು ನಮ್ಮಲ್ಲಿಗೆ ತಂದವರು ಆಚಾರ್ಯರು. ನಲವತ್ತು ವರ್ಷಗಳಿಂದ ಬಡಗಿಯ ಕೆಲಸ ಮಾಡುತ್ತಿರುವವರು. ನಮ್ಮ ಗರಗಸಗಳು ಮೊಂಡಾದಾಗ ಹಲ್ಲು ಮಸೆದು ಕೊಡುವುದಕ್ಕೆಂದು ಷೆಡ್ಡಿನ ಒಡೆಯರು ಅವರನ್ನು ಕರೆಸುತ್ತಿದ್ದರು. ಒಡೆಯರಿಗೂ ಅವರಿಗೂ ಮೂವತ್ತು ವರ್ಷಗಳ ಪರಿಚಯ. ಆ ಮನೆಯ ಬಾಗಿಲು ಕಿಟಕಿಗಳೆಲ್ಲ ಆಚಾರ್ಯರ ಕೈಯವೇ. "ಏನಯ್ಯ ಆಚಾರಿ, ಬಾ. ಈ ಗರಗಸ ನೋಡು" ಎಂದು ಒಡೆಯರು ಕರೆಯುತ್ತಿದ್ದರು. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ. ಮೂವತ್ತು ವರ್ಷಗಳ ರೂಢಿ, ಅಷ್ಟೆ. ಆಚಾರ್ಯರೂ "ಆಗಲಿ ಸ್ವಾಮಿ" ಎಂದು ಮಸೆದು, ಕೂಲಿ ಪಡೆದು ಹೋಗುತ್ತಿದ್ದರು.

ಒಂದು ಎರಡನೆಯ ಶನಿವಾರ ಕೆಲಸ ತಡವಾಗಿ, ನಮ್ಮ ಕೂಟ ಆರಂಭವಾದಾಗಲೂ ಅವರು ಅಲ್ಲಿಯೇ ಇದ್ದರು. ಹೊಸ್ತಿಲ ಬಳಿ ನಿಂತು, ನಾವು ಒಂದೊಂದನ್ನೇ ಮಗುಚಿ ನೋಡುವುದನ್ನು ನೋಡುತ್ತಿದ್ದರು. ಎಲ್ಲರ ಸರದಿ ಮುಗಿಯಿತು. ಸಾಫ್ಟ್‌ವೇರಿನ ತರುಣಿ ಅವರನ್ನೂ ನಮ್ಮವರೆಂದೇ ಬಗೆದು, "ನೀವೇನು ತಂದಿದ್ದೀರಿ, ಆಚಾರ್ರೇ?" ಎಂದು ಕೇಳಿದಳು.

"ನಾನು ಮಾಡಿದ್ದು ಯಾವುದೂ ನನ್ನ ಹತ್ತಿರ ಇಲ್ಲಮ್ಮ. ಎಲ್ಲಾ ಅವರವರ ಮನೇಲಿದೆ" ಎಂದರು ಆಚಾರ್ಯರು.

ತೊಟ್ಟಿಲು, ಮಂಚ, ದೇವರ ಮಂಟಪ, ತಲೆಬಾಗಿಲು. ನಲವತ್ತು ವರ್ಷಗಳ ಕೆಲಸ ಊರಿನ ತುಂಬ ಚೆದರಿಹೋಗಿದೆ. ತಾವು ಕೆತ್ತಿದ ತಲೆಬಾಗಿಲಿನ ಮುಂದೆ ಅವರು ದಿನವೂ ಸೈಕಲ್ಲಿನಲ್ಲಿ ಹೋಗುತ್ತಾರೆ. ಒಳಗೆ ಹೋಗಿ ನೋಡುವ ಹಕ್ಕು ಅವರಿಗಿಲ್ಲ. ಕೊಂಚ ಹೊತ್ತು ಯೋಚಿಸಿ, ಚೀಲದಿಂದ ಕೊಡತಿಯನ್ನು ಹೊರತೆಗೆದರು. "ನನ್ನದೂಂತ ಇರೋದು ಇದೊಂದು. ಹದಿನಾರನೇ ವಯಸ್ಸಲ್ಲಿ ಮಾಡಿಕೊಂಡೆ. ಹುಣಿಸೆ ಮರ." ತರುಣಿ ಅದನ್ನು ಕೈಗೆ ತೆಗೆದುಕೊಂಡು ನಮ್ಮ ಪದ್ಧತಿಯಂತೆ ತಿರುಗಿಸಿದಳು. ಹಿಡಿಯ ಮೇಲೆ ಹೆಬ್ಬೆರಳು ಕೂರುವ ಕಡೆ ಸಣ್ಣ ಗುಳಿ ಬಿದ್ದಿತ್ತು. ಉಳಿಯಿಂದ ಕೆತ್ತಿದ್ದಲ್ಲ, ನಲವತ್ತು ವರ್ಷಗಳ ಹೆಬ್ಬೆರಳು ಕೆತ್ತಿದ್ದು. ಅದು ಮೇಜಿನ ಸುತ್ತ ತಿರುಗಿತು. ಪ್ರತಿಯೊಬ್ಬರೂ ತಮ್ಮ ಬೆರಳನ್ನು ಆ ಗುಳಿಯಲ್ಲಿಟ್ಟು ನೋಡಿದರು.

ಕೊಡತಿ ಮರಳಿ ತಮ್ಮ ಕೈಗೆ ಬಂದಾಗ ಆಚಾರ್ಯರು ನಗುತ್ತಲೇ ಹೇಳಿದರು: "ನಿಮ್ಮಲ್ಲಿ ಬೆಲೆ ಕೇಳಬಾರದು ಅಂತ ನಿಯಮವಂತೆ. ನನ್ನನ್ನ ಇಷ್ಟು ವರ್ಷ ಅದೊಂದನ್ನೇ ಕೇಳಿದ್ದಾರೆ. ಎಷ್ಟಾಗುತ್ತೆ, ಯಾವತ್ತು ಕೊಡ್ತೀಯ? ಇವೆರಡು ಬಿಟ್ಟರೆ ಮೂರನೇ ಪ್ರಶ್ನೆ ಕೇಳಿದೋರು ಯಾರೂ ಇಲ್ಲ, ಮೇಷ್ಟ್ರೇ."

ಷೆಡ್ಡಿನಲ್ಲಿ ಕಾಫಿಯ ಲೋಟ ಕೆಳಗಿಟ್ಟ ಸದ್ದೂ ಕೇಳಿಸುವಂತಾಯಿತು. ಬೆಲೆ ಕೇಳದಿರುವುದು ಪಿಂಚಣಿ ಬರುವವನ ಸೌಜನ್ಯ. ಅಕ್ಕಿಯ ಚಿಂತೆಯಿಲ್ಲದವನು ಮರವನ್ನು ಪ್ರೀತಿಸುವುದು ಸುಲಭ. ಆಚಾರ್ಯರಿಗಾದರೋ ಮರವೇ ಅಕ್ಕಿ. ಅವರನ್ನು ಬೆಲೆಯೊಂದನ್ನೇ ಕೇಳಿ ನಾವು, ಎಂದರೆ ಊರಿನ ಓದಿದ ಜನ, ಅವರ ಕೈಯಲ್ಲಿದ್ದ ವಿದ್ಯೆಯನ್ನು ಕಾಣದೆ ಹೋದೆವು. ಈಗ ಆ ವಿದ್ಯೆಯ ಚೂರೊಂದನ್ನು ಕಲಿತು, ಬೆಲೆ ಕೇಳಬೇಡಿರೆಂದು ಬೋರ್ಡು ಹಾಕಿ ಕುಳಿತಿದ್ದೇವೆ.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂತು. ಆಚಾರ್ಯರಿಂದ ನಾವು ಕ್ರಮವಾಗಿ ಕಲಿಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಒಬ್ಬರು ಎದ್ದು, ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿ ಶಾಲು ಹೊದಿಸೋಣವೆಂದರು. ಬ್ಯಾಂಕಿನಲ್ಲಿದ್ದವರು, "ಶಾಲು ಚಳಿಗಾಲದಲ್ಲಿ ಉಪಯೋಗಕ್ಕೆ ಬಂದೀತು, ಗೌರವವನ್ನು ದಿನಸಿ ಅಂಗಡಿಯವನು ಜಮೆ ಮಾಡಿಕೊಳ್ಳುವುದಿಲ್ಲ" ಎಂದರು. ಇನ್ನೊಬ್ಬರು, ಹಣದ ಮಾತು ತಂದರೆ ಸ್ನೇಹಕ್ಕೆ ಕುಂದೆಂದು ಹಳೆಯ ವಾದವನ್ನೇ ಮುಂದಿಟ್ಟರು. ಗಂಟೆ ಒಂಬತ್ತಾಯಿತು, ತೀರ್ಮಾನವಾಗಲಿಲ್ಲ. ಕಡೆಗೆ ದಾದಿಯಮ್ಮ, "ಅವರನ್ನೇ ಕೇಳಿದರಾಗದೆ?" ಎಂದರು. ಇಷ್ಟು ಹೊತ್ತು ಆ ಉಪಾಯ ಹನ್ನೆರಡು ಮಂದಿ ಗಂಡಸರು ಹೆಂಗಸರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಚಾರ್ಯರ ಉತ್ತರ ಚುಟುಕಾಗಿತ್ತು. "ಕಲಿಸೋಕೆ ಬಂದ ದಿನ ನನಗೆ ಪೂರಾ ದಿನದ ಕೂಲಿ ಕೊಡಿ. ತೋರಿಸೋಕೆ ಬಂದ ದಿನ ನಿಮ್ಮ ಹಾಗೆ ನಾನೂ ಚಂದಾ ಕೊಡ್ತೀನಿ."

ಹಾಗೆಯೇ ಆಯಿತು. ತಿಂಗಳಿಗೆ ೨೦೦ ರೂಪಾಯಿ ಇದ್ದ ಚಂದಾ ೩೦೦ ಆಯಿತು. ತಿಂಗಳಲ್ಲಿ ಎರಡು ಭಾನುವಾರ ಅವರು ನಮಗೆ ಮೇಷ್ಟರು. ಹಲಗೆಯ ಎಳೆ ಯಾವ ಕಡೆ ಓಡುತ್ತದೆಂದು ನೋಡದೆ ಉಜ್ಜುಗೊರಡು ಹಿಡಿದವರಿಗೆ ಅವರ ಬಳಿ ಕ್ಷಮೆಯಿಲ್ಲ. ಎಳೆಗೆ ಎದುರಾಗಿ ಉಜ್ಜಿದರೆ ಮರ ಸಿಬಿರೇಳುತ್ತದೆ. "ಬೆಕ್ಕಿನ ಬೆನ್ನು ಸವರೋ ಹಾಗೆ, ಬಾಲದ ಕಡೆಗೆ" ಎನ್ನುತ್ತಾರೆ. ಮಳೆಗಾಲದಲ್ಲಿ ಮರ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಲ್ಲ. ಆದ್ದರಿಂದ ಬಾಗಿಲಿನ ನಡುವಣ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ಬಿಡಬೇಕು, ಬಿಗಿದು ಮೊಳೆ ಹೊಡೆದರೆ ಸೀಳುತ್ತದೆ. ಇದು ನಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಬಾಗಿಲಿನಲ್ಲಿ ಇದ್ದ ವಿದ್ಯೆ. ಹಾದುಹೋಗುವಾಗ ನಾವು ಕೇಳಿರಲಿಲ್ಲ, ಬಾಗಿಲೂ ಹೇಳಿರಲಿಲ್ಲ.

ಎರಡು ತಿಂಗಳ ಬಳಿಕದ ಶನಿವಾರ ಆಚಾರ್ಯರು ಚಂದಾ ಹಣವನ್ನು ಎಣಿಸಿ ನನ್ನ ಪುಸ್ತಕದ ಮೇಲಿಟ್ಟು, ಬಟ್ಟೆಯಲ್ಲಿ ಸುತ್ತಿದ್ದ ಹಲಗೆಯೊಂದನ್ನು ಮೇಜಿನ ಮೇಲೆ ಇಟ್ಟರು. ಎರಡು ಅಡಿ ಉದ್ದದ ತೇಗದ ಹಲಗೆ. ನೋಡುವುದಕ್ಕೆ ಏನೂ ವಿಶೇಷವಿಲ್ಲ; ನಡುವೆ ಅಡ್ಡಲಾಗಿ ಹಲ್ಲಿನಂಥ ಕೆತ್ತನೆ, ಅಷ್ಟೆ. ಅವರು ಎರಡು ಕೈಗಳಿಂದ ಹಿಡಿದು ಮೆಲ್ಲನೆ ಎಳೆದರು. ಹಲಗೆ ಹೂವಿನಂತೆ ಬಿಚ್ಚಿಕೊಂಡು ಕತ್ತರಿಯಾಕಾರದಲ್ಲಿ ನಿಂತಿತು. ವ್ಯಾಸಪೀಠ! ಪುರಾಣ ಓದುವವರು ಗ್ರಂಥವನ್ನಿಡುವ ಮಣೆ. ಇಡೀ ಪೀಠ ಒಂದೇ ಹಲಗೆ. ತಿರುಪುಮೊಳೆಯಿಲ್ಲ, ಕಬ್ಬಿಣದ ಕೀಲಿಲ್ಲ. ಎರಡು ಭಾಗಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಆದರೆ ಎಲ್ಲಿಯೂ ಬೇರೆ ಮಾಡಿ ಜೋಡಿಸಿದ ಗುರುತಿಲ್ಲ.

ಯಾರೂ ಮಾತನಾಡಲಿಲ್ಲ. ಷೆಡ್ಡಿನ ಒಡೆಯರು ಕುರ್ಚಿಯಿಂದೆದ್ದು ಬಂದರು. ಕನ್ನಡಕವನ್ನು ಸರಿಪಡಿಸಿಕೊಂಡು ಪೀಠವನ್ನು ಎತ್ತಿ, ಮಡಿಸಿ, ಬಿಚ್ಚಿ, ತಲೆಕೆಳಗು ಮಾಡಿ, ಕೀಲಿನ ಹಲ್ಲುಗಳ ನಡುವೆ ಉಗುರು ಆಡಿಸಿ ನೋಡಿದರು. ಬಳಿಕ ತಲೆಯೆತ್ತಿ ಕೇಳಿದರು: "ಆಚಾರ್ರೇ, ಇದನ್ನು ಹೇಗೆ ಮಾಡಿದಿರಿ?"

ನಾನು ಮೂವತ್ತೈದು ವರ್ಷ ಮಕ್ಕಳಿಗೆ ಏಕವಚನ ಬಹುವಚನಗಳ ಪಾಠ ಹೇಳಿದವನು. ಒಬ್ಬನೇ ವ್ಯಕ್ತಿಯನ್ನು ಕುರಿತು ಗೌರವಾರ್ಥವಾಗಿ ಬಹುವಚನ ಬರುವುದೆಂದು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಸುಣ್ಣದ ಕಡ್ಡಿ ಸವೆಸಿದ್ದೇನೆ. ಆ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಒಡೆಯರಿಗೆ ತಾವು ಹಾಗೆಂದದ್ದು ಗಮನಕ್ಕೆ ಬಂತೋ ಇಲ್ಲವೋ. ಆಚಾರ್ಯರಿಗೆ ಬಂತು. ಅವರು ಒಂದು ಕ್ಷಣ ನೆಲ ನೋಡಿ, ಆಮೇಲೆ ಹೊಸ್ತಿಲು ಬಿಟ್ಟು ಮೇಜಿನ ಬಳಿ ಬಂದು, ಬೆಂಚಿನ ಮೇಲೆ ಕುಳಿತು, ವಿವರಿಸತೊಡಗಿದರು.

ಹಲಗೆಯ ಉದ್ದದಲ್ಲಿ ಮೂರನೆಯ ಒಂದು ಪಾಲು ಬಿಟ್ಟು ಕೀಲಿನ ಗೆರೆ ಹಾಕಬೇಕು. ಅಗಲವನ್ನು ಐದು ಪಾಲು ಮಾಡಬೇಕು. ಉಳಿಯಿಂದ ಮೇಲಿನ ಮುಖದಲ್ಲಿ ಒಂದು ಪಾಲು ಬಿಟ್ಟು ಒಂದು, ಕೆಳಗಿನ ಮುಖದಲ್ಲಿ ಮಿಕ್ಕ ಪಾಲುಗಳನ್ನು ದುಂಡಾಗಿ ಕೆತ್ತುತ್ತ ಹೋಗಿ, ನಡುದಪ್ಪದಲ್ಲಿ ಎರಡು ಕೆತ್ತನೆಗಳೂ ಸಂಧಿಸಬೇಕು. ಆಮೇಲೆ ಹಲಗೆಯ ದಪ್ಪವನ್ನೇ ಎರಡು ಪದರವಾಗಿ ಎರಡು ತುದಿಗಳಿಂದಲೂ ಗರಗಸದಿಂದ ಸೀಳುತ್ತ ಕೀಲಿನವರೆಗೆ ಬಂದು ನಿಲ್ಲಬೇಕು. ಒಂದು ಕೂದಲೆಳೆ ಹೆಚ್ಚು ಸೀಳಿದರೆ ಕೀಲಿನ ಹಲ್ಲು ಮುರಿಯಿತು; ಕಡಿಮೆಯಾದರೆ ಬಿಚ್ಚಿಕೊಳ್ಳುವುದಿಲ್ಲ. "ಬಿಚ್ಚೋವರೆಗೂ ಸರಿಯಾಗಿದೆಯೋ ಇಲ್ಲವೋ ಗೊತ್ತಾಗಲ್ಲ ಸ್ವಾಮಿ. ಬಿಚ್ಚಿದ ಮೇಲೆ ತಿದ್ದೋಕೆ ಬರಲ್ಲ" ಎಂದರು. "ಯಾರಿಂದ ಕಲಿತಿರಿ?" ಎಂದು ಹುಡುಗನೊಬ್ಬ ಕೇಳಿದ. "ನಮ್ಮಪ್ಪ ಮಾಡ್ತಿದ್ದರು. ನಾನು ಮಾಡಿ ಇಪ್ಪತ್ತು ವರ್ಷ ಆಗಿತ್ತು. ಯಾರೂ ಕೇಳೋರಿರಲಿಲ್ಲ."

ಇಷ್ಟರಿಂದ ಎಲ್ಲವೂ ನೆಟ್ಟಗಾಯಿತೆಂದು ನಾನು ಹೇಳಲಾರೆ. ಆಚಾರ್ಯರ ಮಗ ಸಾಮಾನು ಸಾಗಿಸುವ ಗಾಡಿ ನಡೆಸುತ್ತಾನೆ. ಉಳಿ ಹಿಡಿಯುವ ಯೋಚನೆ ಅವನಿಗಿಲ್ಲ, ಹಿಡಿಯಬೇಕೆಂದು ತಂದೆಯ ಬಲವಂತವೂ ಇಲ್ಲ. "ಗೊತ್ತಿರೋದು ನನ್ನ ಜೊತೆಗೇ ಹೋಗಬಾರದು, ಅಷ್ಟೇ" ಎನ್ನುತ್ತಾರೆ. ಕುಶಲಕರ್ಮಿಗಳಿಗೆ ಮಾನ್ಯತೆಯೇ ಇಲ್ಲವೆಂದೂ ಅಲ್ಲ. ಅರಗಿನ ಬಣ್ಣದ ಚನ್ನಪಟ್ಟಣದ ಬೊಂಬೆಗಳಿಗೂ ನಮ್ಮ ಮೈಸೂರಿನ ಬೀಟೆ ಮರದ ಕುಸುರಿ ಕೆಲಸಕ್ಕೂ ಭೌಗೋಳಿಕ ಸೂಚಕವೆಂಬ ರಕ್ಷಣೆ ದೊರೆತಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬಡಗಿ, ಕಮ್ಮಾರ, ಕುಂಬಾರ ಮೊದಲಾದ 18 ಕಸುಬಿನವರಿಗೆ ಸಾಲ, ತರಬೇತಿ, ಸಲಕರಣೆಗಳನ್ನೊದಗಿಸುವ ಯೋಜನೆಯೊಂದನ್ನು ಆರಂಭಿಸಿತು. ಇವೆಲ್ಲ ಬೇಕಾದವೇ. ಆದರೆ ಒಬ್ಬನ ಕೈಯಲ್ಲಿರುವ ವಿದ್ಯೆಯನ್ನು ಕಂಡು ಬೆರಗಾಗುವ ಕೆಲಸವನ್ನು ಯಾವ ಇಲಾಖೆಗೂ ಒಪ್ಪಿಸಲು ಬಾರದು. ಅದನ್ನು ನೆರೆಹೊರೆಯವರೇ ಮಾಡಬೇಕು. ಮತ್ತು ಬೆರಗಾದ ಮೇಲೆ ಕೂಲಿಯನ್ನೂ ಸರಿಯಾಗಿ ಕೊಡಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದು ಜಾಣತನವೇ ಹೊರತು ಗೌರವವಲ್ಲ.

ನಮ್ಮ ನಿಯಮವನ್ನು ನಾವು ಕೊಂಚ ತಿದ್ದಿಕೊಂಡಿದ್ದೇವೆ. ಬೆಲೆ ಕೇಳಬಾರದೆಂಬ ಬೋರ್ಡು ಈಗಿಲ್ಲ. ಮೊದಲ ಮೂರು ಪ್ರಶ್ನೆಗಳನ್ನು ಕೇಳದೆ ನಾಲ್ಕನೆಯದನ್ನು ಕೇಳಬಾರದೆಂದು ಬರೆದಿದ್ದೇವೆ. ಕಳೆದ ತಿಂಗಳು ಸಾಫ್ಟ್‌ವೇರಿನ ತರುಣಿ ತಾನೇ ಮಾಡಿದ ವ್ಯಾಸಪೀಠವನ್ನು ತಂದಿದ್ದಳು. ಕೀಲು ಬಲು ಬಿಗಿ; ಬಿಚ್ಚುವುದಕ್ಕೆ ಇಬ್ಬರು ಬೇಕಾಯಿತು. ಆಚಾರ್ಯರು ಅದನ್ನು ಮಗುಚಿ, ಕಣ್ಣಿಗೆ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿ, "ಎಲ್ಲಿ ತೊಡಕಾಯಿತು ತಾಯಿ?" ಎಂದು ಗಂಭೀರವಾಗಿ ಕೇಳಿದರು. ಆಕೆ ಹೇಳಿದಳು, ಅವರು ಕೇಳಿದರು. ಅವರ ಕೊಡತಿ ಆಗ ಆಕೆಯ ಕೈಯಲ್ಲಿತ್ತು.

ವಾಚಕರಲ್ಲಿ ಯಾರ ಮನೆಯಲ್ಲಾದರೂ ಬಳಕೆಯಿಲ್ಲದ ಷೆಡ್ಡೋ ಹಜಾರವೋ ಇದ್ದರೆ ಹೀಗೊಂದು ಕೂಟವನ್ನು ನಡೆಸಿ ನೋಡಬಹುದು. ಗಟ್ಟಿಯಾದ ಮೇಜು, ಒಳ್ಳೆಯ ಬೆಳಕು, ಲೆಕ್ಕದ ಪುಸ್ತಕ, ಕಾಫಿ, ಹೆಚ್ಚೇನೂ ಬೇಡ. ಷೆಡ್ಡಿಲ್ಲದವರು ತಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನೋ ಮಣೆಯನ್ನೋ ಒಮ್ಮೆ ಮಗುಚಿ ನೋಡಲಿ. ಮಾಡಿದವರು ಇದೇ ಊರಿನಲ್ಲಿದ್ದರೆ ಹೋಗಿ ಕೇಳಲಿ.

ಈ ತಿಂಗಳ ಶನಿವಾರ ಇನ್ನೂ ನಾಲ್ಕು ದಿನವಿದೆ. ಆಚಾರ್ಯರು ಏನನ್ನೋ ಮಾಡುತ್ತಿದ್ದಾರೆಂದು ಸುದ್ದಿ. ನಿನ್ನೆ ದಾರಿಯಲ್ಲಿ ಸಿಕ್ಕಾಗ ಏನದು ಎಂದು ಕೇಳಿದೆ. ಸೈಕಲ್ಲಿನಿಂದ ಇಳಿಯದೆಯೇ, "ಶನಿವಾರ ಬನ್ನಿ ಮೇಷ್ಟ್ರೇ" ಎಂದು ಹೇಳಿ ಹೋದರು.